ಹೆಸರು ಉಳಿಯಿತು, ಉಸಿರು ಹೋಯಿತು

ಹಳೆಯದನ್ನು ಪುನರುಜ್ಜೀವನಗೊಳಿಸುವುದು ಪುಣ್ಯಕಾರ್ಯವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಯಾವುದನ್ನು ಉಳಿಸಬೇಕೆಂಬ ವಿವೇಕವಿಲ್ಲದ ಪುನರುಜ್ಜೀವನವು ಹಳೆಯದಕ್ಕೆ ಮಾಡುವ ಎರಡನೆಯ ಅಂತ್ಯಕ್ರಿಯೆಯೆಂದೇ ನನ್ನ ಅಭಿಪ್ರಾಯ. ಇದಕ್ಕೆ ನಾನು ಆರಿಸಿಕೊಂಡ ನಿದರ್ಶನ ಒಂದು ವಿಡಿಯೋ ಆಟ. ಸಂಘದ ಪತ್ರಿಕೆಯಲ್ಲಿ ಇದೆಂಥ ಹುಡುಗಾಟಿಕೆ ಎಂದು ಹಿರಿಯರು ಹುಬ್ಬೇರಿಸಬಾರದಾಗಿ ವಿನಂತಿ.

ಜಪಾನಿನ ಕೊನಾಮಿ ಸಂಸ್ಥೆ 1987ರಲ್ಲಿ ಹೊರತಂದ 'ಕಾಂಟ್ರಾ' ನಮ್ಮ ಮಕ್ಕಳ ಒಂದು ತಲೆಮಾರಿಗೆ ಚಿರಪರಿಚಿತ. 2000ದಲ್ಲಿ ಪಾಲಿಕಾ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ಯಂತ್ರವನ್ನು ನಮ್ಮ ಸರಕಾರಿ ವಸತಿಗೃಹದ ಟಿ.ವಿ.ಗೆ ಜೋಡಿಸಿದಾಗ ಮಗನಿಗೆ 7 ವರ್ಷ. ಶಾಲೆಯಲ್ಲಿ, ಮೈದಾನದಲ್ಲಿ, ಮೆಟ್ಟಿಲುಗಳ ಮೇಲೆ ಹಿಂದಿಯನ್ನೇ ಆಡುತ್ತಿದ್ದ ಹುಡುಗ ಆ ಒಂದು ಗಂಟೆ ಮಾತ್ರ ನನ್ನೊಡನೆ ಕನ್ನಡವಾಡುತ್ತಿದ್ದ. ಆಟದ 3ನೆಯ ಹಂತದಲ್ಲಿ ಯೋಧರಿಬ್ಬರೂ ಜಲಪಾತವೊಂದನ್ನು ಏರಬೇಕು. ಮಗ ಅದನ್ನು ಜೋಗವೆಂದೇ ಕರೆಯುತ್ತಿದ್ದ. ಮುಂದಿನವನು ಅವಸರಪಟ್ಟು ಹತ್ತಿದರೆ ದೃಶ್ಯ ಮೇಲಕ್ಕೆ ಸರಿದು ಹಿಂದುಳಿದವನು ಸಾಯುತ್ತಾನೆ. "ಅಪ್ಪಾ, ನಿಂತ್ಕೋ! ನಾನಿನ್ನೂ ಕೆಳಗಿದೀನಿ!" ಎಂಬ ಕೂಗಿಗೆ ನಾನು ನಿಲ್ಲುತ್ತಿದ್ದೆ. ಹಿಂದಿರುವವನಿಗಾಗಿ ಮುಂದಿರುವವನು ಕಾಯಬೇಕು. ಆ ಆಟದ ಜೀವಾಳ ಬಂದೂಕಲ್ಲ, ಈ ನಿಯಮ.

2019ರ ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ 'ಕಾಂಟ್ರಾ: ರೋಗ್ ಕೋರ್' ಎಂಬ ಪುನರವತಾರವನ್ನು ಹೊರಡಿಸಿತು. 1992ರ 'ಕಾಂಟ್ರಾ 3'ರ ನಿರ್ದೇಶಕ ನೊಬುಯ ನಕಜಾಟೊ ಅವರದೇ ಸಾರಥ್ಯ. ಆದರೂ ಫಲಿತಾಂಶವೇನು? ಪಕ್ಕದಿಂದ ಕಾಣುತ್ತಿದ್ದ ಸರಳ ಹಾದಿಯ ಬದಲು ಪ್ರಧಾನವಾಗಿ ಮೇಲಿನಿಂದ ಇಣುಕುವ ನೋಟ. ನಾಲ್ಕು ಗುಂಡು ಹಾರಿಸುವಷ್ಟರಲ್ಲಿ ಕಾದು ಕೂರುವ ಬಂದೂಕು. ಯೋಧರ ಅಂಗಾಂಗಗಳನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸುವ ವಿಕಾರ. ವಿಮರ್ಶಕರು ಬಹುತೇಕ ಒಕ್ಕೊರಲಿನಿಂದ ಅದನ್ನು ತಿರಸ್ಕರಿಸಿದರು. ಆ ದೀಪಾವಳಿಗೆ ಗುರುಗ್ರಾಮದಿಂದ ಬಂದ ಮಗನೂ ನಾನೂ ಅರ್ಧ ಗಂಟೆಯಲ್ಲಿ ಅದನ್ನು ಆರಿಸಿ, ಅವರವರ ಮೊಬೈಲಿಗೆ ಮರಳಿದೆವು.

ಕಾಲಕ್ಕೆ ತಕ್ಕಂತೆ ಬದಲಾಗಬೇಡವೇ, ಹಳೆಯ ಆಟ ಅತಿ ಕಠಿಣವಾಗಿತ್ತಲ್ಲವೇ ಎಂದು ವಾದಿಸುವವರುಂಟು. ಹೌದು, ಒಂದೇ ಗುಂಡಿಗೆ ಒಂದು ಪ್ರಾಣ ಹೋಗುತ್ತಿತ್ತು. ಇದ್ದದ್ದು ಮೂರೇ ಪ್ರಾಣ. ಅದಕ್ಕೆ ಪರಿಹಾರವೂ ಅಲ್ಲಿಯೇ ಇತ್ತು. 1986ರಲ್ಲಿ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸಲು ತನಗೇ ಕಷ್ಟವಾದಾಗ ಕಜುಹಿಸಾ ಹಶಿಮೊಟೊ ರಚಿಸಿದ ಗುಪ್ತ ಸಂಕೇತವು ಕಾಂಟ್ರಾದಲ್ಲಿ ಮೂರನ್ನು ಮೂವತ್ತು ಮಾಡಿತು. ಜೀವಾಳವನ್ನು ಮುಟ್ಟದೆ ದುರ್ಬಲನಿಗೆ ಕೈಗೊಡುವ ಬಗೆ ಇದು. 2024ರ 'ಆಪರೇಷನ್ ಗಲುಗ' ಪಕ್ಕನೋಟದ ಹಾದಿಗೇ ಮರಳಿದ್ದು ನನ್ನ ವಾದಕ್ಕೆ ಸಾಕ್ಷಿ.

ಈಗ ನಮ್ಮ ಅಂಗಳಕ್ಕೆ ಬರೋಣ. ಹೊರನಾಡಿನಲ್ಲಿ ನಾವು ನಡೆಸುವ ರಾಜ್ಯೋತ್ಸವಗಳು ಯಾವ ಬಗೆಯ ಪುನರುಜ್ಜೀವನ? ವೇದಿಕೆ ದೊಡ್ಡದಾಗಿದೆ, ಧ್ವನಿವರ್ಧಕ ಬಲವಾಗಿದೆ. ಹಿಂದಿನ ಸಾಲಿನ ಮಕ್ಕಳು ಪರಸ್ಪರ ಹಿಂದಿಯಲ್ಲಿ ಪಿಸುಗುಡುತ್ತಿದ್ದಾರೆ. ಅವರಿಗಾಗಿ ಒಂದು ಕ್ಷಣ ನಿಲ್ಲದೆ ನಾವು ಭರದಿಂದ ಜಲಪಾತವನ್ನೇರುತ್ತಿದ್ದೇವೆ. ಈ ವರ್ಷ ಒಂದು ಸನ್ಮಾನವನ್ನು ಕೈಬಿಟ್ಟು, ಆ ಹೊತ್ತಿನಲ್ಲಿ ಹಿರಿಯರೂ ಮಕ್ಕಳೂ ಜೊತೆ ಕುಳಿತು ಚೌಕಾಬಾರವನ್ನೋ ಕಾಂಟ್ರಾವನ್ನೋ ಆಡಲಿ. ಆಟ ಯಾವುದಾದರೇನು, ಜಗಳ ಕನ್ನಡದಲ್ಲಿ ನಡೆದರೆ ಸಾಕು.