ತಪ್ಪಿದ ಗೆರೆಯನ್ನು ಅಳಿಸುವ ಮುನ್ನ



"ಕಾರ್ಟೂನ್ ಬಿಡಿಸುವುದಕ್ಕೂ ಕಾಲೇಜು ಬೇಕೇ?" ಅನಿಮೇಷನ್ ಓದಲು ಹೊರಟ ಮಕ್ಕಳ ಮನೆಗಳಲ್ಲಿ ಈ ಪ್ರಶ್ನೆ ಒಮ್ಮೆಯಾದರೂ ಕೇಳಿಬರುತ್ತದೆ. ಎಂಜಿನಿಯರಿಂಗ್, ಸಿ.ಎ., ಬ್ಯಾಂಕು ಎಂದು ದಾರಿ ಕಂಡುಕೊಂಡ ನಮ್ಮ ಹಿರಿಯರಿಗೆ ಇದು ಪರಿಚಯವಿಲ್ಲದ ದಾರಿ. ಅವರನ್ನು ಹೇಗೋ ಒಪ್ಪಿಸಿ ಸೇರಿದ ಮೇಲೆ ಇನ್ನೊಂದು ಕಷ್ಟ ಕಾದಿರುತ್ತದೆ. ಶಾಲೆಯಲ್ಲಿ ಚಿತ್ರಕಲೆಗೆ ಬಹುಮಾನ ಪಡೆದವರಿಗೂ ಮೊದಲ ವರ್ಷದಲ್ಲೇ ತನಗೆ ಏನೂ ಬರುವುದಿಲ್ಲ ಎನ್ನಿಸತೊಡಗುತ್ತದೆ. ನಮ್ಮ ಸಂಘದ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದೂ ಇದನ್ನೇ: "ಅಂಕಲ್, ದಿನಾ ಬಿಡಿಸ್ತೀನಿ, ದಿನಾ ತಪ್ಪಾಗುತ್ತೆ. ಅಪ್ಪನ ಹತ್ರ ಹಟ ಮಾಡಿ ಸೇರಿದ್ದು. ಈಗ ಬಿಟ್ಟುಬಿಡ್ಲಾ?" ಆಕೆಗೆ ಹೇಳಿದ ಮಾತು ಇತರರಿಗೂ ಉಪಯೋಗವಾದೀತೆಂದು ಈ ಬಾರಿಯ ಅಂಕಣದಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮುಗಳು ಹಾದುಹೋಗುತ್ತವೆ. ಕೈಯಿಂದ ಬಿಡಿಸುವವರು ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಫ್ರೇಮುಗಳಿಗೆ ಬಳಸುತ್ತಾರೆ. ಹಾಗೆ ಮಾಡಿದರೂ ಸೆಕೆಂಡಿಗೆ 12, ನಿಮಿಷಕ್ಕೆ 720 ಚಿತ್ರಗಳು ಬೇಕು. ಶಾಲೆಯಲ್ಲಿ ಬಹುಮಾನ ತಂದುಕೊಟ್ಟದ್ದು ಒಂದೇ ಚಿತ್ರ. ಅದನ್ನು ವಾರವಿಡೀ ಕುಳಿತು ತಿದ್ದಬಹುದಿತ್ತು. ಈ 720ರಲ್ಲಿ ಯಾವುದನ್ನೂ ಗೋಡೆಗೆ ತೂಗುಹಾಕುವುದಿಲ್ಲ. ಪ್ರತಿಯೊಂದೂ ಹಿಂದಿನ ಚಿತ್ರದಿಂದ ಹುಟ್ಟಿ ಮುಂದಿನದಕ್ಕೆ ದಾರಿ ಬಿಡಬೇಕು. ಎರಡು ಫ್ರೇಮುಗಳ ನಡುವೆ ಏನು ನಡೆಯುತ್ತದೆ ಎಂಬುದೇ ಫ್ರೇಮಿನೊಳಗೆ ಏನಿದೆ ಎಂಬುದಕ್ಕಿಂತ ಮುಖ್ಯ ಎನ್ನುವುದು ಕೆನಡಾದ ಪ್ರಸಿದ್ಧ ಅನಿಮೇಷನ್ ಕಲಾವಿದ ನಾರ್ಮನ್ ಮೆಕ್‌ಲಾರೆನ್ ಅವರ ಅಭಿಪ್ರಾಯವಾಗಿತ್ತು. ಹಾಗಾದರೆ ತಪ್ಪುಗಳೂ ಬಹುಮಟ್ಟಿಗೆ ಅಲ್ಲೇ, ಆ ನಡುವಿನ ಜಾಗದಲ್ಲೇ ಇರುತ್ತವೆ. ಒಂದು ಹಾಳೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅವು ಕಾಣವು.

ಸಂಗೀತದ ತರಗತಿಗೆ ಹೋದವರು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಹಾಡಿಯೇ ಇರುತ್ತೀರಿ. ಅನಿಮೇಷನ್ನಿನ ಸರಳೆ ವರಸೆ ಎಂದರೆ ಪುಟಿಯುವ ಚೆಂಡು. ಕಾಗದದ ಮೇಲೆ ಒಂದು ಗುಂಡು, ಅಷ್ಟೇ, ಯಾರೂ ಬಿಡಿಸಬಹುದು. ಆದರೆ ಹಾಳೆಗಳನ್ನು ಜೋಡಿಸಿ ಹೆಬ್ಬೆರಳಿನಿಂದ ಸರ್ರನೆ ತಿರುವಿದಾಗ ಗುಟ್ಟು ರಟ್ಟಾಗುತ್ತದೆ. ಮೊದಲ ಸಲ ಬಿಡಿಸಿದ ಚೆಂಡು ಬೀಳುವುದೇ ಇಲ್ಲ. ಬಾವಿಗೆ ಕೊಡ ಇಳಿಸಿದ ಹಾಗೆ ಮೆಲ್ಲಗೆ ಇಳಿಯುತ್ತದೆ. ಗುಂಡುಗಳ ನಡುವಿನ ಅಂತರವೆಲ್ಲ ಸಮನಾಗಿರುವುದೇ ಇದಕ್ಕೆ ಕಾರಣ. ನಿಜವಾದ ಚೆಂಡು ಎತ್ತರದ ತುದಿಯಲ್ಲಿ ನಿಧಾನ, ನೆಲದ ಹತ್ತಿರ ವೇಗ. ಆದ್ದರಿಂದ ಗುಂಡುಗಳು ಮೇಲೆ ಒತ್ತೊತ್ತಾಗಿ, ಕೆಳಗೆ ದೂರದೂರವಾಗಿ ಇರಬೇಕು. ಅದನ್ನು ತಿದ್ದಿದರೆ ಎರಡನೆಯ ತಪ್ಪು ಕಾಣುತ್ತದೆ: ನೆಲಕ್ಕೆ ಬಡಿದಾಗ ಚೆಂಡನ್ನು ಚಪ್ಪಟೆ ಮಾಡಿದ್ದೇವೆ, ಅಷ್ಟೇ ಅಗಲ ಮಾಡಿಲ್ಲ, ಚೆಂಡು ಕುಗ್ಗಿಹೋದಂತೆ ತೋರುತ್ತದೆ. ಅದೂ ಸರಿಯಾದರೆ ಮೂರನೆಯದು: ಪ್ರತಿ ಸಲವೂ ಒಂದೇ ಎತ್ತರಕ್ಕೆ ಪುಟಿಯುವ ಚೆಂಡು ಎಂದೂ ನಿಲ್ಲುವುದೇ ಇಲ್ಲ! ಡಿಸ್ನಿ ಸ್ಟುಡಿಯೋದ ಹಿರಿಯ ಕಲಾವಿದರಾದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಹೊರತಂದ 'ದಿ ಇಲ್ಯೂಷನ್ ಆಫ್ ಲೈಫ್' ಎಂಬ ಪುಸ್ತಕದಲ್ಲಿ ಅನಿಮೇಷನ್ನಿನ 12 ಸೂತ್ರಗಳನ್ನು ವಿವರಿಸಿದ್ದಾರೆ. ಚಪ್ಪಟೆಯಾಗುವ, ಹಿಗ್ಗುವ ಈ ಗುಣವೇ ಅವುಗಳಲ್ಲಿ ಮೊದಲನೆಯದು. ಇಂದಿಗೂ ವಿದ್ಯಾರ್ಥಿಗಳು ಅಲ್ಲಿಂದಲೇ ಶುರುಮಾಡುತ್ತಾರೆ.

ಚೆಂಡಿನ ನಂತರ ಮನುಷ್ಯನ ನಡಿಗೆ. ದಿನವೂ ನಡೆಯುವ ನಮಗೆ ನಮ್ಮ ನಡಿಗೆಯೇ ಗೊತ್ತಿಲ್ಲ ಎಂಬುದು ಇಲ್ಲಿ ತಿಳಿಯುತ್ತದೆ. ಬಿಡಿಸಿದ ಮನುಷ್ಯ ನೆಲದ ಮೇಲೆ ಜಾರಿಕೊಂಡು ಹೋಗುತ್ತಾನೆ. ಊರಿದ ಪಾದ ಊರಿದಲ್ಲಿ ನಿಲ್ಲದಿರುವುದು ಕಾರಣ. ಬಲಗಾಲಿನ ಜೊತೆ ಬಲಗೈಯೇ ಮುಂದೆ ಬಂದು ಅವನು ಕೀಲುಗೊಂಬೆಯಾಗುತ್ತಾನೆ. ತಲೆ ಹಳಿಯ ಮೇಲೆ ಓಡಿದಂತೆ ಒಂದೇ ಎತ್ತರದಲ್ಲಿ ಸಾಗುತ್ತದೆ. ಕಾಲುಗಳು ಅಗಲವಾಗಿ ಚಾಚಿದಾಗ ಸೊಂಟ ತಗ್ಗುತ್ತದೆ, ಒಂದು ಕಾಲು ಇನ್ನೊಂದನ್ನು ದಾಟುವಾಗ ಏರುತ್ತದೆ ಎಂಬುದು ಹೊಳೆಯುವುದು ಇಂಥ ನಾಲ್ಕಾರು ಬೊಂಬೆಗಳನ್ನು ಕೆಡಿಸಿದ ಮೇಲೆಯೇ. ಆಮೇಲೆ ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತರೆ, ಸಾವಿರ ಜನರ ಸೊಂಟ ಏರಿಳಿಯುವುದು ಕಣ್ಣಿಗೆ ಬೀಳುತ್ತದೆ! ಹಿಂದೆಯೂ ಅದೇ ಜನ, ಅದೇ ಸೇತುವೆ. ಕಣ್ಣು ತೆರೆಸಿದ್ದು ಆ ತಪ್ಪು.

ನಾನು ಹೇಳಬೇಕೆಂದಿರುವುದು ಇಷ್ಟು: ತಪ್ಪನ್ನು ಅಳಿಸುವ ಮುನ್ನ ಓದಿ. ರಬ್ಬರು ಕೈಯಲ್ಲಿದ್ದರೆ ಅಳಿಸುವ ಆಸೆ ಸಹಜ. ಈಗಂತೂ ಅಭ್ಯಾಸವೆಲ್ಲ ಟ್ಯಾಬ್ಲೆಟ್ಟಿನ ಮೇಲೆ; ಎರಡು ಬೆರಳು ತಟ್ಟಿದರೆ ಗೆರೆ ಮಾಯ. ಗೆರೆಯೇನೋ ಹೋಯಿತು, ಅದು ತಪ್ಪಿದ ಕಾರಣ ಕೈಯಲ್ಲೇ ಉಳಿಯಿತು. ನಾಳೆ ಅದೇ ಜಾಗದಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ. ತೆಳುವಾಗಿ ಎಳೆದ ತಪ್ಪು ಗೆರೆಯನ್ನು ಹಾಗೇ ಬಿಟ್ಟು, ಅದರ ಪಕ್ಕದಲ್ಲಿ ಸರಿಯಾದದ್ದನ್ನು ಹುಡುಕುವುದು ಹಳೆಯ ಪದ್ಧತಿ. ಎಷ್ಟು ದೂರ ತಪ್ಪಿದೆ, ಯಾವ ಕಡೆಗೆ ತಪ್ಪಿದೆ ಎಂಬುದು ಎರಡೂ ಗೆರೆ ಇದ್ದಾಗ ಮಾತ್ರ ತಿಳಿಯುತ್ತದೆ.

ಈ ದಾರಿ ನಡೆದವರು ನಮ್ಮವರಲ್ಲೇ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ (1921–2015) ಕಿಟಕಿಯಾಚೆ ಕಂಡ ರೆಂಬೆ, ಎಲೆ, ಸೌದೆ ಒಡೆಯುವ ಆಳು, ಮಾಡಿನ ಮೇಲಿನ ಕಾಗೆಗಳನ್ನು ಗಮನಿಸುತ್ತ ಬೆಳೆದವರು. ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿಲ್ಲವೆಂಬ ಉತ್ತರ ಬಂತು. ಅವರು ಮೈಸೂರಿನಲ್ಲೇ ಬಿ.ಎ. ಓದಿದರು, ಬಿಡಿಸುವುದನ್ನು ಬಿಡಲಿಲ್ಲ. ಮುಂದೆ ಇದೇ ಮುಂಬಯಿಯಲ್ಲಿ ಅವರ 'ಶ್ರೀಸಾಮಾನ್ಯ' ದೇಶಕ್ಕೆಲ್ಲ ಪರಿಚಿತನಾದ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಕೆ.ಕೆ. ಹೆಬ್ಬಾರರು (1911–1996) ರೇಖೆಗೆ ಲಯ ಬರಬೇಕೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದರು. ಇನ್ನು ಅನಿಮೇಷನ್ನಿನಲ್ಲಿ ರಾಮಮೋಹನ್ (1931–2019) ಅವರ ಕಥೆ ನೋಡಿ. ರಸಾಯನಶಾಸ್ತ್ರ ಓದಿದ ಅವರು 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್ ಸೇರಿದರು. ತರಬೇತಿ ಕೊಡಲು ಬಂದಿದ್ದವರು ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್. 1957ರಲ್ಲಿ ಆ ಘಟಕದಿಂದ ಜಾತಕ ಕಥೆಯೊಂದನ್ನು ಆಧರಿಸಿದ 'ದಿ ಬನಿಯನ್ ಡಿಯರ್' ಹೊರಬಂತು. ಅಲ್ಲಿ ಕಲಿತ ರಾಮಮೋಹನ್ ಭಾರತೀಯ ಅನಿಮೇಷನ್ನಿನ ಪಿತಾಮಹರೆನಿಸಿ 2014ರಲ್ಲಿ ಪದ್ಮಶ್ರೀ ಪಡೆದರು.

ಈಗ ಕೆಲಸಕ್ಕೆ ಬರುವ ನಾಲ್ಕು ಮಾತು.

ಒಂದು, ಪ್ರತಿ ಹಾಳೆಗೂ ದಿನಾಂಕ ಹಾಕಿ, ಯಾವುದನ್ನೂ ಹರಿಯಬೇಡಿ. ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಅಂಚಿನಲ್ಲಿ ಒಂದೇ ಸಾಲು ಬರೆಯಿರಿ. ಆ ಸಾಲನ್ನು ಕನ್ನಡದಲ್ಲೇ ಬರೆದರೆ ಇನ್ನೂ ಸಂತೋಷ. ನಮ್ಮ ದುಂಡು ಅಕ್ಷರಗಳು ಮಣಿಕಟ್ಟಿಗೆ ಒಳ್ಳೆಯ ವ್ಯಾಯಾಮವೂ ಹೌದು!

ಎರಡು, ಚಿತ್ರ ಸೊಟ್ಟಗಿದೆಯೇ ಎಂಬ ಅನುಮಾನ ಬಂದರೆ ಹಾಳೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿ. ಕಣ್ಣು ಒಗ್ಗಿಕೊಂಡು ಮರೆಸಿದ ಓರೆಕೋರೆಗಳು ಎದ್ದು ಕಾಣುತ್ತವೆ.

ಮೂರು, ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಮುಗಿಯುವ ಚಿತ್ರಗಳನ್ನು ದಿನವೂ ಬಿಡಿಸಿ. ಕಣ್ಣು, ಮೂಗು, ರೆಪ್ಪೆಗೂದಲು ಬೇಡ. ಮೈಯ ಬಾಗು, ಭಾರ ಯಾವ ಕಾಲಿನ ಮೇಲಿದೆ, ಇಷ್ಟೇ ಸಾಕು. ಲೋಕಲ್ ಟ್ರೇನಿನಲ್ಲಿ ಹಿಡಿಕೆಗೆ ಜೋತು ನಿದ್ದೆ ಮಾಡುವವರು, ಮಾಟುಂಗದಲ್ಲಿ ಹೂ ಕಟ್ಟುವವರು, ಸಂಘದ ವೇದಿಕೆಯ ಮೇಲೆ ಯಕ್ಷಗಾನದ ಹೆಜ್ಜೆ ಹಾಕುವ ವೇಷಧಾರಿ, ಇವರೆಲ್ಲ ಸಂಬಳ ಕೇಳದ ಗುರುಗಳು.

ನಾಲ್ಕು, ಮೇಷ್ಟರಿಗೆ ಅಂದಗೊಳಿಸಿದ ಕೊನೆಯ ಚಿತ್ರವನ್ನಷ್ಟೇ ತೋರಿಸಬೇಡಿ. ಕಚ್ಚಾ ಹಾಳೆಗಳನ್ನು ತೋರಿಸಿ. ರೋಗ ಮುಚ್ಚಿಟ್ಟರೆ ವೈದ್ಯರೇನು ಮಾಡಿಯಾರು? ತಿಂಗಳಿಗೊಮ್ಮೆ ಹಳೆಯ ಅಭ್ಯಾಸವನ್ನೇ ಮತ್ತೆ ಮಾಡಿ, ಎರಡನ್ನೂ ಪಕ್ಕಪಕ್ಕ ಇಡಿ. ಸಹಪಾಠಿಯ ಚಿತ್ರದ ಜೊತೆ ಹೋಲಿಸಿ ಕೊರಗುವುದಕ್ಕಿಂತ ನಿಮ್ಮದೇ ಹಿಂದಿನ ಹಾಳೆಯ ಜೊತೆ ಹೋಲಿಸುವುದು ನ್ಯಾಯ.

ಇಂದು ಒಂದು ವಾಕ್ಯ ಬರೆದುಕೊಟ್ಟರೆ ಕಂಪ್ಯೂಟರೇ ಚಿತ್ರ ಮಾಡಿಕೊಡುತ್ತದೆ, ಕೈ ಸವೆಸುವುದೇಕೆ ಎಂದು ಕೇಳುವವರಿದ್ದಾರೆ. ಆತಂಕ ಸುಳ್ಳಲ್ಲ, ಈ ವೃತ್ತಿಯಲ್ಲಿ ಬದಲಾವಣೆಯ ಗಾಳಿ ಬಲವಾಗಿಯೇ ಬೀಸುತ್ತಿದೆ. ಆದರೆ ಯಂತ್ರ ಮಾಡಿಕೊಟ್ಟ ನಡಿಗೆಯಲ್ಲಿ ಪಾದ ಜಾರುತ್ತಿದೆ ಎಂದು ಗುರುತಿಸಬೇಕಾದರೆ, ಜಾರುವ ಪಾದವನ್ನು ತಾನೇ ಬಿಡಿಸಿ ತಿದ್ದಿದ ಕಣ್ಣು ಬೇಕು. ಆ ಕಣ್ಣು ಅಂಗಡಿಯಲ್ಲಿ ಸಿಗುವುದಿಲ್ಲ.

ಓದು ಬಿಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ದಿನವೂ ತಪ್ಪಾಗುತ್ತಿದೆ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ನಿನ್ನೆಯ ತಪ್ಪು ಇಂದು ಬೇರೆ ತಪ್ಪಾಗಿದ್ದರೆ ನೀವು ಮುಂದೆ ಹೋಗಿದ್ದೀರಿ. ಆರು ತಿಂಗಳಿಂದ ಒಂದೇ ತಪ್ಪು ಹಾಗೇ ಇದ್ದರೆ ಮೇಷ್ಟರ ಹತ್ತಿರ ಕುಳಿತು ಮಾತಾಡಿ. ತಂದೆತಾಯಿಯರಲ್ಲೂ ಒಂದು ವಿನಂತಿ. "ಎಷ್ಟು ಚೆನ್ನಾಗಿ ಬಿಡಿಸಿದೆ?" ಎಂದು ಕೇಳುವ ಬದಲು ಒಮ್ಮೆ "ಇವತ್ತು ಎಲ್ಲಿ ಕೆಟ್ಟಿತು, ತೋರಿಸು" ಎಂದು ಕೇಳಿ ನೋಡಿ. ಮಕ್ಕಳು ಪುಸ್ತಕ ಬಚ್ಚಿಡುವುದನ್ನು ನಿಲ್ಲಿಸುತ್ತಾರೆ.

ಎಲ್ಲರಿಗೂ ಶುಭವಾಗಲಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.