ಉಂಡವರೇ ತೊಳೆಯಲಿ

ಉಂಡ ಗಂಗಾಳ ತೊಳೆದು ಆ ನೀರನ್ನೂ ಪ್ರಸಾದವೆಂದು ಕುಡಿದ ಹಿರಿಯರ ಮಕ್ಕಳು ನಾವು. ಇಂದು ಜಮಖಂಡಿ, ಮುಧೋಳ, ಬೀಳಗಿಯ ಮನೆಗಳಲ್ಲಿ ನಾಲ್ಕು ಜನ ಬೀಗರು ಬಂದರೆ ಸಾಕು, ಕಾಗದದ ತಾಟು, ಕಪ್ಪು ಹೊರಬರುತ್ತವೆ. ಅಗುಳು ಸಮೇತ ತಿಪ್ಪೆ ಸೇರುತ್ತವೆ. ಪ್ರಸಾದಕ್ಕೆ ಇದೇ ಗೌರವವೇ?

ಕಾಗದ ಕೊಳೆಯುತ್ತದೆ ಎನ್ನುತ್ತೀರಿ. ಕಪ್ಪಿನ ಒಳಮೈಗೆ ಬಳಿದದ್ದು ಪ್ಲಾಸ್ಟಿಕ್. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧಿಸಿತು. ನಾವು ಕಾಗದದ ಮರೆಯಲ್ಲಿ ಅದನ್ನೇ ಒಳಗೆ ಕರೆದೆವು. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳಿದ್ದೂ ಕೈ ಒರೆಸಲು ಕಾಗದ ಕೊಳ್ಳುವುದು ನೇಕಾರರ ಕಾಯಕಕ್ಕೆ ಮಾಡುವ ಅವಮಾನ.

ತೊಳೆಯುವವರು ಯಾರು ಎಂದಿರಾ? ಸೊಸೆಯಲ್ಲ, ಉಂಡವರು. ತನ್ನ ಗಂಗಾಳ ತಾನು ತೊಳೆಯಲು ನಾಚುವ ಗಂಡಸು ಕಾಯಕದ ಮಾತಾಡದಿರಲಿ.