ಬೊಂಬೆಗೆ ಬೆಳಕಿನ ಶಿಕ್ಷೆ

ನಮ್ಮ ತಿಪಟೂರು ಸೀಮೆಯ ಮೂಡಲಪಾಯದ ರಾಜವೇಷವೊಂದನ್ನು ಬೊಂಬೆಗೆ ತೊಡಿಸಿ, ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ, ನೆತ್ತಿಯ ಮೇಲೆಯೇ ದೀಪ ಉರಿಸಿದ್ದರು. ಕೆಲವು ವರ್ಷಗಳ ಮೇಲೆ ಮತ್ತೆ ಹೋದೆ. ಭುಜಕೀರ್ತಿಯ ಮರೆಯಲ್ಲಿದ್ದ ಬಟ್ಟೆ ಇನ್ನೂ ಕೆಂಪು. ಬೆಳಕು ಬಿದ್ದ ಎದೆಯೆಲ್ಲ ಬಿಳಿಚಿತ್ತು. “ಜನಕ್ಕೆ ಚೆನ್ನಾಗಿ ಕಾಣಬೇಡವೆ?” ಎಂದರು ವ್ಯವಸ್ಥಾಪಕರು.

ಕಾಣಲಿ, ಆದರೆ ನಾಳೆಯೂ ಕಾಣಬೇಡವೆ? ಬೆಳಕಿಗೆ ಹಾರಿದ ಬಣ್ಣ ಮರಳಿ ಬಾರದು. ಎಲ್‌ಇಡಿ ಹಾಕಿದರೆ ಕಾವು ತಗ್ಗೀತು, ಅಪಾಯ ತಪ್ಪದು. ಬಟ್ಟೆಗೆ 50 ಲಕ್ಸ್ ಸಾಕೆಂಬುದು ವಸ್ತುಸಂಗ್ರಹಾಲಯಗಳು ಒಪ್ಪಿದ ಲೆಕ್ಕ. ದೀಪ ಪೆಟ್ಟಿಗೆಯ ಹೊರಗಿರಲಿ, ನೋಡುವವರು ಬಂದಾಗ ಮಾತ್ರ ಹತ್ತಲಿ. ಸುತ್ತಲೂ ಮಬ್ಬಿದ್ದರೆ ಅಷ್ಟೇ ಬೆಳಕಿಗೆ ಕಿರೀಟ ಮಿನುಗುತ್ತದೆ. ಅದು ಪಂಜಿನ ಬೆಳಕಿನಲ್ಲಿ ಕುಣಿದ ಕಿರೀಟವಲ್ಲವೆ?

ಇದನ್ನು ನಮ್ಮವರಿಗೆ ಹೇಳಿಕೊಡಬೇಕೆ? ಒಳ್ಳೆಯ ಉಂಡೆಕೊಬ್ಬರಿಗಾಗಿ ಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮಬ್ಬಿನಲ್ಲಿಟ್ಟು ಕಾಯುವ ಜನ ನಾವು! ಕೊಬ್ಬರಿಗೆ ತೋರುವ ತಾಳ್ಮೆಯನ್ನು ವೇಷಕ್ಕೂ ತೋರೋಣ.